‘ರಂಗ್ ರಸಿಯಾ’ ಚಿತ್ರದ ರವಿವರ್ಮ: ಒಂದು ಚಾರಿತ್ರಿಕ ವಿವೇಚನೆ

ಚಲಚ್ಚಿತ್ರವನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವ ವಾಡಿಕೆ ನಮ್ಮ ವಿದ್ವಾಂಸರಲ್ಲಿ ಹೆಚ್ಚಾಗಿಲ್ಲ. ಆದರೆ ರಾಜಾ ರವಿವರ್ಮನನ್ನು (1848–1906) ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಗ್ರಂಥಗಳಿಗಿಂತ ಮೊದಲು ಬೆಳ್ಳಿತೆರೆಯ ಮೇಲೆ ಕಾಣುವುದರಿಂದ, ಕೇತನ್ ಮೆಹತಾ ನಿರ್ದೇಶಿಸಿದ ‘ರಂಗ್ ರಸಿಯಾ’ದ ಗುಣದೋಷಗಳನ್ನು ಇಲ್ಲಿ ವಿಚಾರಿಸುವುದು ಅಪ್ರಕೃತವಾಗಲಾರದು. 2008ರಲ್ಲಿಯೇ ಲಂಡನ್ನಿನ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದ ಈ ಚಿತ್ರವು ನಮ್ಮ ದೇಶದಲ್ಲಿ ಬಿಡುಗಡೆಯಾದುದು 2014ರ ನವೆಂಬರಿನಲ್ಲಿ. ಕಲಾವಿದನ ಸ್ವಾತಂತ್ರ್ಯವನ್ನೇ ವಸ್ತುವಾಗುಳ್ಳ ಕೃತಿಯು ಆರು ವರ್ಷ ಕಾದಿರಬೇಕಾದುದು ವಿಚಿತ್ರವೇ ಸರಿ.

ರಣಜಿತ್ ದೇಸಾಯಿಯವರ ಮರಾಠಿ ಕಾದಂಬರಿಯನ್ನು ಆಧರಿಸಿದ ಈ ಕಥೆಗೆ ನ್ಯಾಯಾಲಯದ ವಿಚಾರಣೆಯೇ ಚೌಕಟ್ಟು. ತೈಲವರ್ಣದ ಮೆರುಗನ್ನೂ ಸೀರೆಯ ನೆರಿಗೆಯ ಮೇಲೆ ಬೀಳುವ ಬೆಳಕನ್ನೂ ತೆರೆಗೆ ತಂದಿರುವ ಬಗೆ ಶ್ಲಾಘ್ಯವಾದುದು. ಅದಕ್ಕಿಂತ ಮುಖ್ಯವಾದುದು, ಮುದ್ರಣಯಂತ್ರವು ದೇವರ ರೂಪವನ್ನು ಗರ್ಭಗುಡಿಯಿಂದ ಹೊರತಂದು, ಗುಡಿಯೊಳಕ್ಕೆ ಪ್ರವೇಶವಿಲ್ಲದವರ ಮನೆಗೂ ಒಯ್ದಿತೆಂಬ ಅದರ ಒಳಮಾತು. ಇದಕ್ಕೆ ದೂರದ ಸಾಕ್ಷ್ಯ ಬೇಕಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಗೆ ಶನಿಮಹಾತ್ಮನ ದರ್ಶನಕ್ಕೆಂದು ಬರುವ ಯಾತ್ರಿಕರ ಮನೆಗಳಲ್ಲಿ ಗೋಡೆಗೆ ತೂಗಿದ ಲಕ್ಷ್ಮಿ ಸರಸ್ವತಿಯರ ಪಟಗಳನ್ನು ನೋಡಿದರೆ ಸಾಕು. ಅವು ರವಿವರ್ಮನ ಕೈಬರಹವಲ್ಲ. ಆದರೂ ದೇವಿಯು ನಿಂತ ಭಂಗಿ, ಮೈಯ ಉಬ್ಬುತಗ್ಗು, ಹಿಂದಣ ನೀರು–ಬಾನು ಇವುಗಳಲ್ಲಿ ಅವನ ಅಚ್ಚುಕೂಟದ ಸಂಪ್ರದಾಯವೇ ಮುಂದುವರಿದಿದೆ. ಇಂತಹ ಗೋಡೆಯನ್ನು ಶಾಸನದಷ್ಟೇ ಆದರದಿಂದ ಓದಬೇಕೆಂದು ನನ್ನ ಮತ.

ಚಿತ್ರದ ದೌರ್ಬಲ್ಯವಿರುವುದು ಕಾರಣನಿರೂಪಣೆಯಲ್ಲಿ. ಸುಗಂಧಾ ಎಂಬ ರೂಪದರ್ಶಿಯ ಪ್ರೇಮವೇ ಕಲೆಗೆ ಮೂಲವೆಂಬಂತೆ ಕಥೆ ಸಾಗುತ್ತದೆ. ಆದರೆ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿಸಬೇಕೆಂಬ ಸಲಹೆಯನ್ನು ಸರ್ ಟಿ. ಮಾಧವರಾಯರು 1884ರ ಪತ್ರದಲ್ಲಿಯೇ ಕೊಟ್ಟಿದ್ದರು. ಹತ್ತು ವರ್ಷಗಳ ಬಳಿಕ, 1894ರಲ್ಲಿ, ಮುಂಬಯಿಯ ಘಾಟ್ಕೋಪರದಲ್ಲಿ ಮುದ್ರಣಾಲಯ ಪ್ರಾರಂಭವಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಅಚ್ಚು, ಜರ್ಮನಿಯ ಕುಶಲಿಗಳು, 1896ರಲ್ಲಿ ಬಂದೆರಗಿದ ಪ್ಲೇಗು, ಲೋಣಾವಳೆಯ ಬಳಿಯ ಮಳವಲಿಗೆ ಸ್ಥಳಾಂತರ, ಸಾಲ, ಕಡೆಗೆ ಫ್ರಿಟ್ಜ್ ಶ್ಲೈಖರನಿಗೆ ಮಾರಾಟ. ಇವೆಲ್ಲವೂ ಪ್ರೇಮಕಥೆಗಿಂತ ಕಡಮೆ ಸ್ವಾರಸ್ಯದವಲ್ಲ. ಫಾಳ್ಕೆಯವರೂ ಚಿತ್ರದಲ್ಲಿ ಸುಳಿಯುತ್ತಾರೆ. ಅವರು ಆ ಮುದ್ರಣಾಲಯಕ್ಕಾಗಿ ದುಡಿದುದು ನಿಜ. ಚಲಚ್ಚಿತ್ರದ ಕಡೆಗೆ ಹೊರಳಿದುದು ಮಾತ್ರ ರವಿವರ್ಮನು ಗತಿಸಿದ ನಾಲ್ಕಾರು ವರ್ಷಗಳ ಮೇಲೆ.

ತಮ್ಮನಾದ ಸಿ. ರಾಜರಾಜವರ್ಮನ ದಿನಚರಿ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಣುವ ರವಿವರ್ಮನೇ ಬೇರೆ: ರೈಲಿನಲ್ಲಿ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆಯುವ, ತಮ್ಮನೊಡಗೂಡಿ ದುಡಿಯುವ ಕಸಬುದಾರ. ಅವನ ಕೊನೆಯ ಕಾರ್ಯಕ್ಷೇತ್ರ ನಮ್ಮ ಮೈಸೂರು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದಂತೆ ಅರಮನೆಯವರ ಭಾವಚಿತ್ರಗಳನ್ನು ಬರೆದಿದ್ದವನು, 1897ರ ಬೆಂಕಿಯ ಅನಂತರ ಹೊಸ ಅರಮನೆ ಏಳುತ್ತಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪೌರಾಣಿಕ ಚಿತ್ರಗಳನ್ನು ಕೈಗೊಂಡನು. ನಡುವೆ, 1905ರಲ್ಲಿ, ತಮ್ಮನು ತೀರಿಕೊಂಡನು. ಇಷ್ಟು ಕಾಲ ಜೊತೆಗಿದ್ದ ಕೈಯಿಲ್ಲದೆ ವೃದ್ಧನು ಕುಂಚ ಹಿಡಿದ ಈ ಸಂದರ್ಭವನ್ನು ಯಾವ ನಿರ್ದೇಶಕನಾದರೂ ಮುಂದೆ ತೆರೆಗೆ ತರುವನೆಂದು ಹಾರೈಸಬಹುದು. ಅವನಿಗೆ ಬೇಕಾದ ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿವೆ.