ಬಂಗಾರ ಮುಗಿದ ಮೇಲೂ ಓಡುವ ರೈಲು

ಬೆಂಗಳೂರಿನ ಪೂರ್ವಕ್ಕಿರುವ ಐಟಿ ಪಾರ್ಕುಗಳಲ್ಲಿ ಕೆಲಸ ಮಾಡೋರು ‘ಮಾರಿಕುಪ್ಪಂ’ ಅನ್ನೋ ಬೋರ್ಡು ಹೊತ್ತ ರೈಲನ್ನ ಎಂದಾದರೂ ನೋಡಿರ್ತೀರಿ. ಎಷ್ಟೋ ಜನ ಅದನ್ನ ತಮಿಳುನಾಡಿನ ಯಾವುದೋ ಊರು ಅಂದುಕೊಂಡಿದ್ದಾರೆ. ಅಲ್ಲ, ಅದು ನಮ್ಮ ಕೆಜಿಎಫ್‌ನ ಕೊನೆಯ ಸ್ಟೇಷನ್. ಕೆಜಿಎಫ್ ಅಂದ್ರೆ ಈಗ ಎಲ್ಲರಿಗೂ ಸಿನಿಮಾ ನೆನಪಾಗುತ್ತೆ. ಆದರೆ ಮಾಲೂರು ಕಡೆಯ ಹಳ್ಳಿಯವನಾದ ನನಗೆ ಮೊದಲು ನೆನಪಾಗೋದು ಆ ಪ್ಯಾಸೆಂಜರ್ ರೈಲೇ. ಬಿ.ಇ. ಓದುವಾಗ ನಾಲ್ಕು ವರ್ಷ ಅದರಲ್ಲೇ ಓಡಾಡಿದೀನಿ, ಮಾಲೂರಲ್ಲಿ ಹತ್ತಿದ ನನಗೆ ಸೀಟು ಸಿಕ್ಕ ದಿನಗಳನ್ನ ಬೆರಳಲ್ಲಿ ಎಣಿಸಬಹುದು.

ಈ ರೈಲಿನ ಕಥೆ ಶುರುವಾಗೋದು ಜನರಿಂದಲ್ಲ, ಬಂಗಾರದಿಂದ. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ವರೆಗೆ ಹಳಿ ಹಾಕಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳಿಗೆ ಕೈ ಹಾಕಿತು. ಗಣಿ ಆಳಕ್ಕೆ ಹೋದಷ್ಟೂ ದೊಡ್ಡ ಯಂತ್ರಗಳು ಬೇಕು, ಅವನ್ನ ಓಡಿಸೋಕೆ ಕಲ್ಲಿದ್ದಲು, ಸೌದೆ ಬೇಕು. ಇದನ್ನೆಲ್ಲ ಎತ್ತಿನ ಗಾಡಿಗಳ ಮೇಲೆ ಎಷ್ಟಂತ ಎಳೆಯೋದು? 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗಳವರೆಗೆ ಹತ್ತು ಮೈಲಿಯ ಕವಲು ಹಳಿ ಬಂತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ಈ ಸ್ಟೇಷನ್ನುಗಳ ಹೆಸರು ಹೇಳಿದರೆ ಗಣಿಗಳ ಹೆಸರು ಹೇಳಿದ ಹಾಗೇ.

ಒಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಎರಡು ಊರುಗಳ ನಡುವೆ ರೈಲು ಹಾಕ್ತಾರೆ, ದಾರಿಯಲ್ಲಿ ಸಿಕ್ಕ ಊರುಗಳಿಗೂ ಅದರ ಲಾಭ ಸಿಗುತ್ತೆ. ಇಲ್ಲಿ ಹಾಗಲ್ಲ. ಗಣಿಯ ಬಾಯಿಗೆ ಹೋಗಿ ನಿಲ್ಲೋಕೇ ಹಾಕಿದ ಹಳಿ ಇದು. ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದ ಕೂಲಿಕಾರರು, ಅವರಲ್ಲಿ ಬಹಳಷ್ಟು ದಲಿತರು, ಇಲ್ಲಿ ಕಾಲನಿಗಳನ್ನ ಕಟ್ಟಿಕೊಂಡರು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದಿದ್ದು ಈ ಗಣಿಗಳಿಗೆ, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಅಂಥಾ ಊರು. ಆದರೆ ಅಲ್ಲಿ ರೈಲು, ಕರೆಂಟು ಎಲ್ಲವೂ ಗಣಿಗಾಗಿಯೇ ಬಂದವು. ಗಣಿ ಬಿಟ್ಟರೆ ಊರಿಗೆ ಬೇರೆ ಕಸುಬೇ ಬೆಳೀಲಿಲ್ಲ. 1964ರಲ್ಲಿ ಬಿಇಎಂಎಲ್ ಬಂದಿದ್ದು ದೊಡ್ಡ ಆಸರೆಯಾಯಿತು ನಿಜ, ಆದರೆ ಇಡೀ ಊರನ್ನ ಹೊರೋಕೆ ಒಂದು ಫ್ಯಾಕ್ಟರಿಯಿಂದ ಆಗುತ್ತಾ?

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಆಮೇಲೆ ಊರಲ್ಲಿ ಉಳಿದಿದ್ದು ಸೈನೈಡ್ ದಿಬ್ಬಗಳು, ಕಾಲನಿಗಳು, ಮತ್ತೆ ಈ ಹಳಿ. ಜನ ಊರು ಬಿಡಲಿಲ್ಲ. ಬಿಡಬೇಕಾಗಲೂ ಇಲ್ಲ, ಯಾಕಂದ್ರೆ ರೈಲಿತ್ತು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಲ್ಲಿ ಹತ್ತಿದರೆ ಡ್ಯೂಟಿ ಟೈಮಿಗೆ ವೈಟ್‌ಫೀಲ್ಡ್, ಕೆ.ಆರ್.ಪುರ, ಕಂಟೋನ್ಮೆಂಟ್ ಮುಟ್ಟಬಹುದು. ನಮ್ಮ ಆಫೀಸುಗಳ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಅಕ್ಕಂದಿರು, ಆಸ್ಪತ್ರೆಯ ನರ್ಸುಗಳು, ನನ್ನಂಥ ಕೋಡ್ ಬರೆಯೋರು, ಎಲ್ಲಾ ಒಂದೇ ಬೋಗಿಯಲ್ಲಿ. ಅಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಲ್ಲಿ ಬರುತ್ತವೆ. ಗಣಿಯ ಶಿಫ್ಟ್ ಹೋಗಿ ರೈಲಿನ ಟೈಮಿಂಗ್ ಬಂತು, ಅಷ್ಟೇ. ಒಂದು ಕಾಲಕ್ಕೆ ಬಂಗಾರ ಹೊರಗೆ ಹೋಗ್ತಿದ್ದ ಊರಿಂದ ಈಗ ದುಡಿಮೆ ಹೊರಗೆ ಹೋಗುತ್ತೆ. ಸಂಜೆ ಅದು ಸುಸ್ತಾಗಿ ವಾಪಸ್ ಬರುತ್ತೆ, ಅದೊಂದೇ ವ್ಯತ್ಯಾಸ.

ಈ ಎಳೆ ಎಷ್ಟು ತೆಳು ಅಂತ ಗೊತ್ತಾಗಿದ್ದು 2020ರ ಮಾರ್ಚಿನಲ್ಲಿ, ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತಾಗ. ನಮಗೆ ಲ್ಯಾಪ್‌ಟಾಪ್ ಇತ್ತು, ಹಳ್ಳಿಗೆ ಹೋಗಿ ಜಗಲಿ ಮೇಲೆ ಕೂತು ಕೆಲಸ ಮಾಡಿದ್ವಿ. ಗೇಟು ಕಾಯೋದನ್ನ, ನೆಲ ಒರೆಸೋದನ್ನ ಮನೆಯಿಂದ ಮಾಡೋಕಾಗಲ್ಲವಲ್ಲ. ಆಮೇಲೆ ಪ್ಯಾಸೆಂಜರ್ ರೈಲುಗಳು ಮತ್ತೆ ಶುರುವಾದಾಗ ಕನಿಷ್ಠ ಟಿಕೆಟ್ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಅದು 10ಕ್ಕೆ ಇಳಿದಿದ್ದು 2024ರಲ್ಲಿ. ಮೂವತ್ತು ರೂಪಾಯಿ ನಮಗೆ ಒಂದು ಕಾಫಿಗೂ ಸಾಲಲ್ಲ. ದಿನಗೂಲಿ ಲೆಕ್ಕ ಹಾಕೋ ಮನೆಯಲ್ಲಿ ಅದೇ ಒಂದು ಹೊತ್ತಿನ ತರಕಾರಿ.

ಹಳೇ ರೈಲು ಮಾರ್ಗ ಅಂದ ಕೂಡಲೇ ನಾವು ಪಾರಂಪರಿಕ ಕಟ್ಟಡ, ಬ್ರಿಟಿಷರ ಬಂಗಲೆ ಅಂತ ಫೋಟೋ ತೆಗೆಯೋಕೆ ಹೊರಡ್ತೀವಿ. ತೆಗೀರಿ, ಬೇಡ ಅನ್ನಲ್ಲ. ಆದರೆ ಕೆಜಿಎಫ್‌ನ ಚರಿತ್ರೆ ಬರೀ ಅಲ್ಲಿಲ್ಲ, ರೈಲಿನ ವೇಳಾಪಟ್ಟಿಯಲ್ಲೂ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇರೋ ಊರಿಗೆ ಬೆಳಗಿನ ಒಂದು ರೈಲು ತಡವಾದರೆ ನೂರಾರು ಮನೆಗಳಲ್ಲಿ ಅರ್ಧ ದಿನದ ಸಂಬಳ ಹೋಗುತ್ತೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡೋಕೆ ಪ್ಯಾಸೆಂಜರ್ ಲೂಪ್ ಲೈನಲ್ಲಿ ನಿಂತಾಗಲೆಲ್ಲ ನನಗೆ ಅನಿಸೋದು ಇದೇ: ಬಂಗಾರಕ್ಕೋಸ್ಕರ ಹಾಕಿದ ಹಳಿ ಇದು, ಈಗಲಾದರೂ ಅದರ ಮೇಲೆ ಮೊದಲ ಹಕ್ಕು ಮನುಷ್ಯರಿಗೆ ಸಿಗಬಾರದಾ?