ಹೈ-ಫೈ ಆಂಪ್ಲಿಫೈಯರ್‌ನ ಆಯ್ಕೆ

ಹೈ-ಫೈ ಆಂಪ್ಲಿಫೈಯರ್ ಎಂಬುದು ಮೊಬೈಲ್, ರೇಡಿಯೊ, ಸಿ.ಡಿ. ಪ್ಲೇಯರ್ ಮುಂತಾದ ಮೂಲಗಳಿಂದ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು, ಅದರ ಸ್ವರೂಪ ಕೆಡದಂತೆ, ಸ್ಪೀಕರ್ ನುಡಿಸುವಷ್ಟು ಬಲಗೊಳಿಸುವ ಸಾಧನ. ಧ್ವನಿವರ್ಧಕ ಎಂಬ ಪದ ಬಳಕೆಯಲ್ಲಿ ಸ್ಪೀಕರಿಗೂ ಸಲ್ಲುವುದರಿಂದ ಇಲ್ಲಿ ಆಂಪ್ಲಿಫೈಯರ್ ಎಂದೇ ಬರೆಯಲಾಗಿದೆ. ಕಡಿಮೆ ಬೆಲೆಯಲ್ಲಿ ಮೊದಲ ಬಾರಿಗೆ ಇದನ್ನು ಕೊಳ್ಳುವವರು ಪೆಟ್ಟಿಗೆಯ ಮೇಲಿನ ವಾಟ್ ಸಂಖ್ಯೆಯನ್ನು ನೋಡುವುದೇ ಹೆಚ್ಚು. ವಾಸ್ತವವಾಗಿ ಆಯ್ಕೆಯನ್ನು ನಿರ್ಧರಿಸಬೇಕಾದವು ಸ್ಪೀಕರಿನ ವಿವರಪಟ್ಟಿಯಲ್ಲಿರುವ ಎರಡು ಸಂಖ್ಯೆಗಳು: ಇಂಪೀಡೆನ್ಸ್ ಮತ್ತು ಸೆನ್ಸಿಟಿವಿಟಿ.

ಮೈಕ್ ಸೆಟ್ ಮತ್ತು ಮನೆಯ ಆಂಪ್ಲಿಫೈಯರ್

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿಯೂ ಮಲ್ಲಿಪಟ್ಟಣದಂತಹ ಸಣ್ಣ ಊರುಗಳಲ್ಲಿಯೂ ಆಂಪ್ಲಿಫೈಯರ್ ಎಂದೊಡನೆ ನೆನಪಾಗುವುದು ಜಾತ್ರೆ, ಮದುವೆ, ಗಣೇಶೋತ್ಸವಗಳ ಮೈಕ್ ಸೆಟ್. ಆಹುಜಾದಂತಹ ಕಂಪನಿಗಳ ಈ ಆಂಪ್ಲಿಫೈಯರ್‌ಗಳು ಗಟ್ಟಿಮುಟ್ಟಾದವು. ಆದರೆ ಅವುಗಳ ಉದ್ದೇಶ ಬೇರೆ. ಉದ್ದನೆಯ ತಂತಿಯ ಮೂಲಕ ದೂರದ ಹಾರ್ನ್‌ಗಳನ್ನು ನುಡಿಸಲು ಅವುಗಳಲ್ಲಿ 100 ವೋಲ್ಟ್ ಲೈನ್ ಎಂಬ ವ್ಯವಸ್ಥೆ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಮನೆಯ ಸ್ಪೀಕರನ್ನು ಈ ಲೈನಿಗೆ ನೇರವಾಗಿ ಜೋಡಿಸಿದರೆ ಅದರ ಕಾಯಿಲ್ ಸುಟ್ಟುಹೋಗಬಹುದು. ಮೇಲಾಗಿ ಅವುಗಳಲ್ಲಿ ಹೆಚ್ಚಿನವು ಒಂದೇ ವಾಹಿನಿಯವು. ಎಡ ಬಲಗಳ ಭೇದ, ಅಂದರೆ ಸ್ಟೀರಿಯೊ, ಅವುಗಳಿಂದ ದೊರೆಯದು.

ಕಾವೇರಿ ದಡದ ರುದ್ರಪಟ್ಟಣವೂ ಅರಕಲಗೂಡು ತಾಲ್ಲೂಕಿನದೇ. ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರಂತಹ ಅನೇಕ ಸಂಗೀತ ವಿದ್ವಾಂಸರನ್ನು ಕೊಟ್ಟ ಊರು ಅದು. ಅಂತಹ ಗಾಯನದ ಧ್ವನಿಮುದ್ರಣದಲ್ಲಿ ತಂಬೂರಿಯ ಶ್ರುತಿ ಹಾಡಿನ ಹಿಂದೆ ಮೆಲ್ಲನೆ ನಿಲ್ಲಬೇಕು. ಆಂಪ್ಲಿಫೈಯರ್ ತಾನೇ ಗುಂಯ್‌ಗುಟ್ಟಿದರೆ ಮೊದಲು ಮುಚ್ಚಿಹೋಗುವುದು ಅದೇ. ಹಾಗಾಗಿ ಮನೆಯ ಬಳಕೆಗೆ ಅಬ್ಬರಕ್ಕಿಂತ ನಿಶ್ಶಬ್ದ ಮುಖ್ಯ.

ಎಷ್ಟು ವಾಟ್ ಬೇಕು?

ಸೆನ್ಸಿಟಿವಿಟಿ ಎಂದರೆ ಸ್ಪೀಕರಿಗೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಉಂಟಾಗುವ ಧ್ವನಿಯ ಮಟ್ಟ. ಇದನ್ನು ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. ವಾಟ್ ಇಮ್ಮಡಿಯಾದರೆ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಆದುದರಿಂದ 30 ವಾಟಿನ ಬದಲು 50 ವಾಟಿನದನ್ನು ತಂದರೆ ಕಿವಿಗೆ ಆಗುವ ಲಾಭ ಅತ್ಯಲ್ಪ. ಇದಕ್ಕೆ ಪ್ರತಿಯಾಗಿ, 92 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 10 ವಾಟಿನಲ್ಲಿ ಕೊಡುವ ಧ್ವನಿಗೆ 86 ಡೆಸಿಬೆಲ್‌ನ ಸ್ಪೀಕರಿಗೆ 40 ವಾಟ್ ಬೇಕಾಗುತ್ತದೆ. ಸಾಧಾರಣ ಕೋಣೆಯಲ್ಲಿ ಪ್ರತಿ ವಾಹಿನಿಗೆ 20ರಿಂದ 40 ನೈಜ ವಾಟ್ ಧಾರಾಳವಾಯಿತು.

ನೈಜ ಎಂಬ ವಿಶೇಷಣ ಇಲ್ಲಿ ಅಗತ್ಯ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಪಿ.ಎಂ.ಪಿ.ಒ. ಅಂಕಿಗೆ ಯಾವ ಒಪ್ಪಿತ ಮಾಪನಕ್ರಮವೂ ಇಲ್ಲ. ಅದನ್ನು ಓದದಿರುವುದೇ ಲೇಸು. ಆರ್.ಎಂ.ಎಸ್. ವಾಟ್ ಎಷ್ಟು, ಎಷ್ಟು ಓಮ್‌ಗೆ, ಎಷ್ಟು ವಿರೂಪತೆಯಲ್ಲಿ ಎಂದು ಮೂರನ್ನೂ ಹೇಳಿದ್ದರೆ ಮಾತ್ರ ನಂಬಬಹುದು. ಅಡಾಪ್ಟರ್ ಬಳಸುವ ಚಿಕ್ಕ ಆಂಪ್ಲಿಫೈಯರ್‌ಗಳನ್ನು ಪರೀಕ್ಷಿಸಲು ಶಾಲೆಯ ಲೆಕ್ಕವೇ ಸಾಕು. 24 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಒದಗಿಸುವುದು 72 ವಾಟ್. ಎರಡೂ ವಾಹಿನಿಗಳಿಂದ ಒಟ್ಟಾರೆ ಅದಕ್ಕಿಂತ ಹೆಚ್ಚು ಶಕ್ತಿ ನಿರಂತರವಾಗಿ ಹೊರಬರಲಾರದು, ಮುಚ್ಚಳದ ಮೇಲೆ 1000 ವಾಟ್ ಎಂದು ಬರೆದಿದ್ದರೂ.

ಶಕ್ತಿ ಕಡಿಮೆಯಿರುವ ಆಂಪ್ಲಿಫೈಯರ್ ಸ್ಪೀಕರಿಗೆ ಅಪಾಯವಿಲ್ಲ ಎಂಬುದು ಪೂರ್ತಿ ನಿಜವಲ್ಲ. ಮಿತಿ ಮೀರಿ ಸದ್ದು ಏರಿಸಿದಾಗ ಅಲೆಯ ತಲೆ ಕತ್ತರಿಸಿದಂತಾಗಿ ಕರ್ಕಶ ಧ್ವನಿ ಹೊರಡುತ್ತದೆ. ಇದಕ್ಕೆ ಕ್ಲಿಪಿಂಗ್ ಎಂದು ಹೆಸರು. ಇದರಿಂದ ಮೊದಲು ಹಾಳಾಗುವುದು ಟ್ವೀಟರ್.

ಇಂಪೀಡೆನ್ಸ್ ಮತ್ತು ಜೋಡಣೆ

ಮನೆಯ ಸ್ಪೀಕರ್‌ಗಳು ಸಾಮಾನ್ಯವಾಗಿ 4, 6 ಅಥವಾ 8 ಓಮ್‌ನವು. ಆಂಪ್ಲಿಫೈಯರ್‌ನ ಕನಿಷ್ಠ ಮಿತಿ 8 ಓಮ್ ಎಂದಿದ್ದರೆ ಅದಕ್ಕೆ 4 ಓಮ್ ಸ್ಪೀಕರ್ ಸಲ್ಲದು. ಎರಡು 8 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೂ ಭಾರ 4 ಓಮ್‌ಗೆ ಇಳಿಯುತ್ತದೆ. ಈಚಿನ ಅಗ್ಗದ ಆಂಪ್ಲಿಫೈಯರ್‌ಗಳು ಬಹುತೇಕ ಕ್ಲಾಸ್-ಡಿ ವರ್ಗದವು. ಇವು ಹಳೆಯ ಕ್ಲಾಸ್-ಎಬಿಗಿಂತ ಕಡಿಮೆ ಬಿಸಿಯಾಗುತ್ತವೆ, ವಿದ್ಯುತ್ತನ್ನೂ ಉಳಿಸುತ್ತವೆ. ಆದರೆ ಎಡ ಬಲ ಸ್ಪೀಕರ್‌ಗಳ ಕಪ್ಪು ತಂತಿಗಳನ್ನು ಒಂದಾಗಿ ಕಟ್ಟುವ ಹಳೆಯ ರೂಢಿಯಿಂದ ಇವುಗಳಲ್ಲಿ ಅನೇಕವು ಕೆಡುತ್ತವೆ. ನಾಲ್ಕು ತಂತಿಗಳೂ ಬೇರೆಬೇರೆಯಾಗಿಯೇ ಇರಬೇಕು.

ತಂತಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ನಾಲ್ಕೈದು ಮೀಟರಿನವರೆಗೆ 1.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಹಳೆಯ ಎಲ್.ಪಿ. ತಟ್ಟೆಗಳಿರುವ ಮನೆಯವರು ಮಾತ್ರ ಫೋನೊ ಇನ್‌ಪುಟ್ ಇದೆಯೇ ಎಂದು ವಿಚಾರಿಸಬೇಕು. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಸಾಮಾನ್ಯ ಇನ್‌ಪುಟ್‌ಗೆ ಅದು ಸಾಲದು.

ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳೂ ಜೋಡಿಸಿದ ಆಂಪ್ಲಿಫೈಯರ್‌ಗಳೂ ದೊರೆಯುತ್ತವೆ. ಅಂಗಡಿಯಲ್ಲಿ ಏರುಧ್ವನಿಯ ಚಿತ್ರಗೀತೆ ಕೇಳಿಸಿದರೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ತೋರುತ್ತವೆ. ಬದಲಿಗೆ ಯಾವ ಹಾಡನ್ನೂ ಹಾಕದೆ ವಾಲ್ಯೂಮ್ ತಿರುಗಿಸನ್ನು ಅರ್ಧದವರೆಗೆ ಏರಿಸಿ ಸ್ಪೀಕರಿಗೆ ಕಿವಿಗೊಡಬೇಕು. ಒಂದಡಿ ದೂರದಲ್ಲಿಯೂ ಗುಂಯ್ ಸದ್ದು ಕೇಳಿದರೆ ಅದನ್ನು ಬಿಡುವುದು ಒಳ್ಳೆಯದು. ಹಳೆಯದನ್ನು ಕೊಳ್ಳುವವರು ತಿರುಗಿಸನ್ನು ಮೆಲ್ಲನೆ ತಿರುಗಿಸಿ ಕರಕರ ಶಬ್ದ ಬರುತ್ತದೆಯೇ, ಎರಡೂ ಸ್ಪೀಕರ್‌ಗಳು ಸಮನಾಗಿ ನುಡಿಯುತ್ತವೆಯೇ ಎಂದು ನೋಡಬೇಕು. ಕರಕರ ಶಬ್ದ ತಿರುಗಿಸಿನೊಳಗಿನ ಧೂಳಿನದಾಗಿದ್ದರೆ ಶುಚಿಮಾಡಿ ಸರಿಪಡಿಸಬಹುದು. ಒಂದು ವಾಹಿನಿ ಸತ್ತಿದ್ದರೆ ದುರಸ್ತಿಯ ಖರ್ಚು ಕೊಂಡ ಬೆಲೆಯನ್ನು ಮೀರಬಹುದು.