ಬೇಸಿಗೆ ರಜೆ ಯಾರಿಗೆ?

ಬೇಸಿಗೆ ರಜೆ ಎಂದ ಕೂಡಲೆ ಅಜ್ಜಿಯ ಮನೆ ಎನ್ನುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಇದೇನೋ ಅನಾದಿಕಾಲದಿಂದ ನಡೆದುಬಂದ ಸಂಪ್ರದಾಯ ಎಂದೇ ಎಲ್ಲರೂ ತಿಳಿದಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಲ ವಾರ ‘ನಾನು ಬೇಸಿಗೆ ರಜೆಯನ್ನು ಕಳೆದ ಬಗೆ’ ಎಂದು ಪ್ರಬಂಧ ಬರೆಯಲು ಕೊಟ್ಟರೆ, ತಮ್ಮ ಬೀದಿ ಬಿಟ್ಟು ಆಚೆ ಕಾಲಿಡದ ಮಕ್ಕಳೂ ಅಜ್ಜಿಯ ಊರಿಗೆ ಹೋಗಿದ್ದೆ, ಮಾವಿನ ಮರ ಹತ್ತಿದ್ದೆ ಎಂದು ಬರೆದುಬಿಡುತ್ತವೆ! ಅದನ್ನು ಸುಳ್ಳು ಎಂದು ಕೆಂಪು ಶಾಯಿಯಲ್ಲಿ ಹೊಡೆಯಲು ನನಗೆ ಮನಸ್ಸು ಬಂದದ್ದಿಲ್ಲ. ರಜೆ ಎಂದರೆ ಹಾಗಿರಬೇಕು ಎಂಬ ಆಸೆಯನ್ನು ಅವು ಬರೆದಿರುತ್ತವೆ, ಅಷ್ಟೆ.

ನಿಜ ನೋಡಿದರೆ ಈ ರಜೆಗೆ ಅಷ್ಟೇನೂ ವಯಸ್ಸಾಗಿಲ್ಲ. ಶಾಲೆ ಇಲ್ಲದ ಕಡೆ ರಜೆಯೆಲ್ಲಿ? ನನ್ನ ಅಮ್ಮಮ್ಮ, ಎಂದರೆ ತಾಯಿಯ ತಾಯಿ, ಎರಡನೆಯ ತರಗತಿಗೇ ಪಾಟಿ ಕೆಳಗಿಟ್ಟವರು. ‘ರಜೆ’ ಎಂಬ ಮಾತನ್ನು ಅವರು ಕಲಿತದ್ದು ಮೊಮ್ಮಕ್ಕಳಿಂದ. ಇಂಗ್ಲಿಷರ ಕಾಲದಲ್ಲಿ ಸೆಕೆ ತಾಳಲಾರದ ದೊರೆಗಳು ಊಟಿಗೋ ನಂದಿಬೆಟ್ಟಕ್ಕೋ ಹತ್ತಿದರು. ಕೋರ್ಟು, ಕಾಲೇಜು, ಶಾಲೆಗಳಿಗೂ ಬೇಸಿಗೆಯ ಬಿಡುವು ಬಂತು. ಸುಗ್ಗಿ ಮುಗಿದು ಮೊದಲ ಮಳೆ ಬೀಳುವವರೆಗಿನ ಆ ದಿನಗಳು ನಮ್ಮ ಕಡೆ ಮೊದಲಿನಿಂದಲೂ ಮದುವೆ, ಜಾತ್ರೆ, ಹಪ್ಪಳ-ಸಂಡಿಗೆಯ ಕಾಲ. ಹೆಣ್ಣುಮಕ್ಕಳು ತವರಿಗೆ ಹೋಗಿಬರುವ ಕಾಲವೂ ಅದೇ. ಸರ್ಕಾರದ ರಜೆ ಬಂದು ಈ ಬಿಡುವಿನ ಮೇಲೆ ಕುಳಿತುಕೊಂಡಿತು.

ಇದಕ್ಕೆ ಕೈಜೋಡಿಸಿದ್ದು ರೈಲು. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಹಾಕಿದ್ದು 1876-78ರ ಭೀಕರ ಕ್ಷಾಮದ ಹಿಂದೆಮುಂದೆ. 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂತು. ಅಲ್ಲಿಂದ ಕಾಡು ಸೀಳಿಕೊಂಡು ಸಾಗರದ ಮೇಲೆ ತಾಳಗುಪ್ಪ ಸೇರುವಷ್ಟರಲ್ಲಿ 1940ರ ಹೊತ್ತಾಯಿತು. ಹಳಿ ಹಾಕಿದವರ ತಲೆಯಲ್ಲಿ ಮಲೆನಾಡಿನ ಸರಕು ಸಾಗಣೆ ಇದ್ದಿರಬೇಕು. ಆದರೆ ಏಪ್ರಿಲ್ ಬಂತೆಂದರೆ ಆ ಗಾಡಿಯಲ್ಲಿ ಇರುತ್ತಿದ್ದ ಸರಕೆಂದರೆ ಬಾಣಂತಿಯರು, ಬಸುರಿಯರು, ಟ್ರಂಕುಗಳು ಮತ್ತು ವಾಂತಿ ಮಾಡಿಕೊಳ್ಳುವ ಮಕ್ಕಳು. ಅಮ್ಮಮ್ಮನ ಕಾಲದಲ್ಲಿ ಗಾಡಿ ಕಟ್ಟಿಸಿಕೊಂಡು, ಜೊತೆಗೆ ಗಂಡಾಳನ್ನು ಕರೆದುಕೊಂಡು, ಹೊಳೆ ದಾಟಿ ತವರಿಗೆ ಹೋಗಬೇಕಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ನನ್ನ ಅಮ್ಮನಾದರೋ ಮೂರು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ತುಮಕೂರಿನಿಂದ ಸಾಗರದವರೆಗೆ ಪ್ರತಿ ವರ್ಷ ಹೋಗಿಬಂದಳು. ರಾಜ್ಯದಲ್ಲಿ ಸರ್ಕಾರಿ ಬಸ್ಸು 1948ರಿಂದಲೇ ಓಡುತ್ತಿದ್ದರೂ ಅವಳಿಗೆ ರೈಲೇ ಬೇಕು. ಕಾರಣ ಸರಳ: ಬಸ್ಸಿನಲ್ಲಿ ಮಕ್ಕಳಿಗೆ ಒಂದಕ್ಕೆ ಬಂದರೆ ಡ್ರೈವರನನ್ನು ಕೇಳಬೇಕು, ರೈಲಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ಏಪ್ರಿಲ್ ಹತ್ತರಂದು ಪಾಸು-ಫೇಲು ತಿಳಿಯುವುದು, ಹನ್ನೊಂದರಂದು ನಾವು ಹೊರಡುವುದು. ಬೀರೂರಿನಲ್ಲಿ ಗಾಡಿ ಬದಲಾಯಿಸಬೇಕಿತ್ತು. ಅಮ್ಮ ಡಬ್ಬಿ ತುಂಬ ಅವಲಕ್ಕಿ, ಹಾಳೆಯಲ್ಲಿ ಸುತ್ತಿದ ಚಪಾತಿ, ಹಿತ್ತಾಳೆ ಕೂಜದಲ್ಲಿ ನೀರು ಹಿಡಿದುಕೊಂಡು ಕೂರುತ್ತಿದ್ದಳು. ಕಣ್ಣಿಗೆ ಕಲ್ಲಿದ್ದಲ ಕಿಡಿ ಬಿದ್ದರೆ ಸೆರಗಿನ ತುದಿ ಸುರುಳಿ ಮಾಡಿ ಬಾಯಿಂದ ಊದಿ ಬಿಸಿಯಾಗಿಸಿ ಒತ್ತುವಳು. ಶಿವಮೊಗ್ಗ ದಾಟಿದ ಮೇಲೆ ಅವಳ ಮಾತೇ ಬದಲಾಗುತ್ತಿತ್ತು. ತುಮಕೂರಿನಲ್ಲಿ ಅತ್ತೆ-ಮಾವಂದಿರ ಎದುರು ಪಿಸುಗುಡುತ್ತಿದ್ದವಳು ಅಲ್ಲಿ ಗಟ್ಟಿಯಾಗಿ ನಗುವಳು. ಸಾಗರದ ನಿಲ್ದಾಣದಲ್ಲಿ ಮಾವ ಕಾಯುತ್ತಿದ್ದರು. ಅಪ್ಪ ಗುಮಾಸ್ತೆ; ಒಂದೂವರೆ ತಿಂಗಳು ತುಮಕೂರಿನಲ್ಲಿ ಹೋಟೆಲು ಊಟ ಮಾಡಿಕೊಂಡಿದ್ದು, ಮೇ ಕೊನೆಯಲ್ಲಿ ನಾಲ್ಕು ದಿನ ಬಂದು ನಮ್ಮನ್ನು ಕರೆದುಕೊಂಡು ಹೋಗುವರು.

ಆ ಮನೆಯಲ್ಲಿ ನಾವು ಹನ್ನೊಂದು ಜನ ಮಕ್ಕಳು ಸೇರುತ್ತಿದ್ದೆವು. ಬೆಳಿಗ್ಗೆ ದೋಸೆ ತಿಂದು ಹೊರಬಿದ್ದರೆ ಗೇರುಹಣ್ಣು, ನೇರಳೆ, ಮುಳ್ಳುಹಣ್ಣು. ಬಟ್ಟೆಯ ತುಂಬ ಗೇರಿನ ಕಲೆ. ಮಧ್ಯಾಹ್ನ ಚೌಕಾಬಾರ, ಚನ್ನೆಮಣೆ. ಸಂಜೆ ಲಗೋರಿ, ಕುಂಟೆಬಿಲ್ಲೆ. ಪೇಟೆಯ ಲೈಬ್ರರಿಯಿಂದ ಮಾವ ತಂದುಕೊಡುತ್ತಿದ್ದ ‘ಚಂದಮಾಮ’ದ ಹಳೆಯ ಸಂಚಿಕೆಗಳಿಗೆ ಜಗಳ. ಆದರೆ ಒಂದು ಮಾತು ಹೇಳಬೇಕು. ಹಲಸಿನಕಾಯಿ ಹಪ್ಪಳದ ದಿನ ಬಂದರೆ ಹನ್ನೊಂದು ಜನ ಆರು ಜನವಾಗುತ್ತಿದ್ದೆವು. ಗಂಡುಹುಡುಗರು ಅದು ಹೇಗೋ ಕೆರೆ ಕಡೆ ಮಾಯ. ನಾವು ಹುಡುಗಿಯರು ಸೊಳೆ ಬಿಡಿಸಬೇಕು, ಅಂಟು ಹತ್ತದಂತೆ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಬೇಯಿಸಿದ ಸೊಳೆಯನ್ನು ಒರಳಲ್ಲಿ ಕುಟ್ಟಿ ದೊಡ್ಡವರು ಉಂಡೆ ಮಾಡಿಕೊಟ್ಟರೆ, ಎರಡು ಮಣೆಗಳ ನಡುವೆ ಇಟ್ಟು ಒತ್ತಿ, ಚಾಪೆಯ ಮೇಲೆ ಹರಡಿ, ಕೋಲು ಹಿಡಿದು ಕಾಗೆ ಕಾಯಬೇಕು. ಅದನ್ನು ಆಟ ಎಂದೇ ನಮಗೆ ಹೇಳಿಕೊಟ್ಟಿದ್ದರು. ಸ್ವಲ್ಪ ಮಟ್ಟಿಗೆ ಆಟವೂ ಹೌದು. ಹಸಿ ಹಪ್ಪಳದ ಹಿಟ್ಟಿನ ರುಚಿಯನ್ನು ಕೆರೆಗೆ ಹೋದವರು ಕಂಡಿರಲಾರರು.

ಇಷ್ಟು ಜನಕ್ಕೆ ಮೂರು ಹೊತ್ತು ಬೇಯಿಸುತ್ತಿದ್ದವರು ಅತ್ತೆ, ನನ್ನ ಸೋದರಮಾವನ ಹೆಂಡತಿ. ಮನೆಯ ಹೆಣ್ಣುಮಕ್ಕಳು ತವರಿಗೆ ಬಂದದ್ದು ವಿಶ್ರಾಂತಿಗೆ. ಅವರಿಂದ ಕೆಲಸ ಮಾಡಿಸಿದರೆ ಮನೆಯ ಮರ್ಯಾದೆ ಹೋದೀತಲ್ಲ! ಅಮ್ಮ, ಚಿಕ್ಕಮ್ಮ ಜಗುಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದರೆ ಅತ್ತೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆಯ ತವರು ಸಿದ್ದಾಪುರದ ಕಡೆ, ಬಹಳ ದೂರವೇನಲ್ಲ. ಅವರ ಮಕ್ಕಳಿಗೂ ರಜೆ ನಮ್ಮ ರಜೆಯ ಜೊತೆಗೇ. ಹಾಗಾದರೆ ಅವರು ಹೋಗುವುದು ಯಾವಾಗ? ನನಗೇ ಮದುವೆಯಾಗಿ ನಾದಿನಿಯರು ಬರತೊಡಗಿದ ಮೇಲೆ ಒಮ್ಮೆ ಕೇಳಿದೆ. ಅತ್ತೆ ನಗುತ್ತಾ, “ನಿಮ್ಮನ್ನೆಲ್ಲ ಗಾಡಿ ಹತ್ತಿಸಿದ ದಿನ ನಂಗೆ ರಜೆ ಕಣೇ. ಅಷ್ಟೊತ್ತಿಗೆ ಮಳೆ ಹಿಡಿದಿರ್ತಿತ್ತು, ಹೋಗದೆಲ್ಲಿಗೆ? ದೀಪಾವಳಿಗೆ ಎರಡು ದಿನ ಹೋಗಿ ಬರ್ತಿದ್ದೆ” ಎಂದರು. ಅಜ್ಜಿಯ ಮನೆಯ ಬಗ್ಗೆ ನಮ್ಮಲ್ಲಿ ಎಷ್ಟೊಂದು ಬರೆದಿದ್ದಾರೆ. ಅತ್ತೆಯ ಕಡೆಯಿಂದ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಅಪ್ಪ ಬಂದ ನಾಲ್ಕು ದಿನದಲ್ಲಿ ಒಂದು ದಿನ ಪ್ರವಾಸ. ಎಂದರೆ ಜೋಗ. ಬೇಸಿಗೆಯಲ್ಲಿ ಜೋಗ ನೋಡಲು ಹೋಗುವುದು ಒಣಗಿದ ಕೆರೆಯಲ್ಲಿ ಈಜಲು ಹೋದಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರೆಲ್ಲ ವಿದ್ಯುತ್ತಿಗೆ. 830 ಅಡಿಯ ಆ ಬಂಡೆಯ ಮೇಲೆ ಮೇ ತಿಂಗಳಲ್ಲಿ ನಾಲ್ಕು ನೂಲು ನೀರು ಇಳಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ನೋಡಿದ ರಾಜಾ ರಾಣಿ ರೋರರ್ ರಾಕೆಟ್ ಎಲ್ಲಿ ಎಂದು ನಾವು ಕೇಳಿದರೆ ಅಪ್ಪ ಕಲ್ಲಿನ ಮೇಲಿನ ಕಪ್ಪು ಕಲೆಗಳನ್ನು ತೋರಿಸುವರು. ಹಾಗಾಗಿ ಎಂಬತ್ತರ ದಶಕದ ಒಂದು ಬರದ ಬೇಸಿಗೆಯಲ್ಲಿ ಮಾವ, “ಜೋಗದಲ್ಲಿ ಏನಿದೆ, ಮಡೆನೂರಿಗೆ ಹೋಗೋಣ” ಎಂದದ್ದು ನಮಗೆಲ್ಲ ಸಂತೋಷವಾಯಿತು.

ಮಡೆನೂರು ಕಟ್ಟೆ ಎಂದರೆ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕಾಗಿ ಕಟ್ಟಿ 1948ರಲ್ಲಿ ಮುಗಿಸಿದರು. ಹದಿನಾರು ವರ್ಷವಾಗುವಷ್ಟರಲ್ಲಿ ಲಿಂಗನಮಕ್ಕಿಯ ಹಿನ್ನೀರು ಬಂದು ಅಣೆಕಟ್ಟನ್ನೇ ಮುಳುಗಿಸಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ಮಳೆ ಸರಿಯಾಗಿ ಆಗದ ವರ್ಷ ಬೇಸಿಗೆಯಲ್ಲಿ ನೀರು ಇಳಿದರೆ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಬಾಡಿಗೆ ಜೀಪಿನಲ್ಲಿ ಹೋದೆವು. ಆ ಸಲ ಅತ್ತೆಯನ್ನೂ ಅಮ್ಮಮ್ಮನನ್ನೂ ಮಾವ ಬಲವಂತವಾಗಿ ಕೂರಿಸಿದ್ದರು. ಅತ್ತೆ ನಸುಕಿನಲ್ಲೇ ಎದ್ದು ಚಿತ್ರಾನ್ನ, ಮೊಸರನ್ನ ಕಲಸಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ಜೀಪು ನಿಂತಲ್ಲಿಂದ ಬಿರುಕುಬಿಟ್ಟ ನೆಲದ ಮೇಲೆ ನಡೆಯಬೇಕು. ಎಲ್ಲಿ ನೋಡಿದರೂ ಮರದ ಬೊಡ್ಡೆಗಳು. ಇಪ್ಪತ್ತು ವರ್ಷ ನೀರಿನಲ್ಲಿದ್ದೂ ಕೊಳೆಯದೆ ಕಪ್ಪಾಗಿ ನಿಂತಿದ್ದವು. ಕಟ್ಟೆ ಮಾತ್ರ ನಿನ್ನೆ ಮುಗಿಸಿದಂತೆ ಗಟ್ಟಿಯಾಗಿತ್ತು. ಹುಡುಗರು ಅದರ ಮೇಲೆ ಓಡಿದರು, ಅಪ್ಪ ಅದರ ಸೈಫನ್ ತೂಬು ನೋಡುತ್ತ ನಿಂತರು. ಅಮ್ಮಮ್ಮ ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ದೂರದ ನೀರಿನ ಆಚೆ ಕೈ ತೋರಿಸಿ, ಅಲ್ಲಿ ಗದ್ದೆ, ಅದರ ಮೇಲೆ ತೋಟ, ತೋಟದ ತಲೆಗೆ ನಮ್ಮನೆ ಎಂದರು. ನಮಗೆ ಕಂಡದ್ದು ನೀರು ಮಾತ್ರ. ಅಮ್ಮಮ್ಮನ ತವರು ಮುಳುಗಿತ್ತು ಎಂಬುದು ನಮಗೆ ಕಿವಿಯಲ್ಲಿ ಕೇಳಿ ಗೊತ್ತಿತ್ತು. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆ ಜಮೀನು ಸಿಕ್ಕಲ್ಲಿಗೆ ಹೋಗಿದ್ದರು. “ಅವರ ಮನೆಗೆ ಹೋದ್ರೆ ಚೆನ್ನಾಗೇ ನೋಡ್ಕಳ್ತ್ರು. ಆದ್ರೆ ಅದು ನೆಂಟರ ಮನೆ. ನನ್ನ ತವರು ನೋಡ್ಬೇಕು ಅಂದ್ರೆ ಊರಿಗೆಲ್ಲ ಬರ ಬರಬೇಕು” ಎಂದರು. ಆಮೇಲೆ ಮೊಸರನ್ನಕ್ಕೆ ಉಪ್ಪಿನಕಾಯಿ ಇದೆಯಾ ಎಂದು ಅತ್ತೆಯನ್ನು ಕೇಳಿದರು.

ನಾನು ಪಾಠ ಮಾಡುವ ಪುಸ್ತಕದಲ್ಲಿ ಲಿಂಗನಮಕ್ಕಿಗೆ ಎರಡು ಸಾಲಿದೆ: ಯಾವ ನದಿ, ಯಾವ ಜಿಲ್ಲೆ. ಹಿನ್ನೀರಿನ ಆಚೆ ಉಳಿದ ಕರೂರು ಹೋಬಳಿಯವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚಿನಲ್ಲೇ ಓಡಾಡಿ, 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆಯಾದ ಮೇಲೆ ರಸ್ತೆ ಕಂಡರು. ಅಮ್ಮಮ್ಮ ಅಷ್ಟು ಕಾಲ ಇರಲಿಲ್ಲ.

ಅಜ್ಜಿಯ ಮನೆ ಇಲ್ಲದ ಮಕ್ಕಳು ಏನು ಮಾಡಬೇಕು? ಈ ಪ್ರಶ್ನೆ ಪಟ್ಟಣಗಳಿಗೆ ಬಹಳ ಹಿಂದೆಯೇ ಬಂದಿತ್ತು. ಅದಕ್ಕೆ ಉತ್ತರ ಹುಡುಕಿದವರಲ್ಲಿ ಹೆಂಗಸರು ಮುಂದಿದ್ದರು ಎಂಬುದನ್ನು ನಾವು ಮರೆತಿದ್ದೇವೆ. ಬೆಂಗಳೂರಿನ ಆರ್. ಕಲ್ಯಾಣಮ್ಮನವರು ಬಾಲವಿಧವೆ. ಎಳೆಯ ವಯಸ್ಸಿನಲ್ಲೇ ಮೂಲೆ ಸೇರಬೇಕಾಗಿದ್ದವರು 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು, 1921ರಿಂದ ನಾಲ್ಕು ದಶಕ ‘ಸರಸ್ವತಿ’ ಪತ್ರಿಕೆ ನಡೆಸಿದರು, 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಈಗಲೂ ಇದೆ. ಸ್ವಂತ ಮಕ್ಕಳಿಲ್ಲದ ಆಕೆ ಊರ ಮಕ್ಕಳನ್ನೆಲ್ಲ ಕೂಡಿಸಿ ಹಾಡಿಸಿದರು, ಆಡಿಸಿದರು. ಮುಂದೆ 1979ರಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರದಲ್ಲಿ ಮಕ್ಕಳ ನಾಟಕ ಕಟ್ಟಿದರು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ ಶುರುವಾಯಿತು. ಮುಂದೆ ಅಲ್ಲಿ ನಡೆದ ‘ಚಿನ್ನರ ಮೇಳ’ಕ್ಕೆ ಅರ್ಜಿ ಹಾಕಲು ತಾಯಂದಿರು ಸಾಲು ನಿಂತರು. ಈಗ ನಮ್ಮ ತುಮಕೂರಿನಲ್ಲೂ ಬಡಾವಣೆಗೊಂದು ಬೇಸಿಗೆ ಶಿಬಿರ. ಮಣ್ಣಿನಲ್ಲಿ ಗಣಪತಿ ಮಾಡುವುದಕ್ಕೂ ಲಗೋರಿ ಆಡುವುದಕ್ಕೂ ಶುಲ್ಕ ಕಟ್ಟಿ ಹೋಗುವುದನ್ನು ಕಂಡು ನನ್ನ ಓರಗೆಯವರು ಆಡಿಕೊಳ್ಳುತ್ತಾರೆ. ನಾನು ಆಡಿಕೊಳ್ಳುವುದಿಲ್ಲ. ಬ್ಯಾಂಕಿಗೆ ಹೋಗುವ ಸೊಸೆ ಮಕ್ಕಳನ್ನು ಶಿಬಿರಕ್ಕೆ ಬಿಟ್ಟು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗುತ್ತಾಳೆ. ಅವಳ ಅತ್ತಿಗೆ ಎಲ್ಲಿಯೋ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದು ತಪ್ಪುತ್ತದೆ. ಹಪ್ಪಳ ಅಂಗಡಿಯಿಂದ ಬಂದರೆ ಬರಲಿ.

ಇನ್ನು ಮೇಷ್ಟ್ರು, ಮೇಡಂಗಳಿಗೆ ಎರಡು ತಿಂಗಳು ರಜೆ ಎಂದು ಹೊಟ್ಟೆಕಿಚ್ಚು ಪಡುವವರಿಗೆ ಒಂದು ಮಾತು: ಉತ್ತರಪತ್ರಿಕೆ ತಿದ್ದುವುದು, ಗಣತಿ, ಮತಗಟ್ಟೆ ಎಲ್ಲಕ್ಕೂ ಬೇಸಿಗೆಯೇ ಬೇಕು. 2024ರಲ್ಲಂತೂ ಲೋಕಸಭೆ ಚುನಾವಣೆಯ ಜೊತೆಗೆ ಬರವೂ ಬಂತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿ, ಅಲ್ಲಿನ ಶಾಲೆಗಳಲ್ಲಿ ರಜೆಯಲ್ಲೂ 41 ದಿನ ಬಿಸಿಯೂಟ ಕೊಡಬೇಕೆಂದು ಆದೇಶವಾಯಿತು. ನಮ್ಮ ಹಳ್ಳಿಯ ಶಾಲೆಗೆ ಸರದಿಯ ಮೇಲೆ ನಾವು ಹೋಗಬೇಕಾಯಿತು. ಮೊದಲ ದಿನ ಗೊಣಗಿಕೊಂಡೇ ಬಸ್ಸು ಹತ್ತಿದೆ.

ಹನ್ನೆರಡೂವರೆಗೆ ಮಕ್ಕಳು ತಟ್ಟೆ ಬಡಿಯುತ್ತಾ ಬಂದವು. ಊಟ ಮುಗಿಸಿ ಹೋಗುತ್ತವೆ ಎಂದುಕೊಂಡರೆ ಹೋಗಲೇ ಇಲ್ಲ. ಮನೆಯಲ್ಲಿ ಯಾರೂ ಇಲ್ಲ, ಎಲ್ಲ ಕೂಲಿಗೆ ಹೋಗಿದ್ದಾರೆ. ಬೇವಿನ ಮರದ ನೆರಳಲ್ಲಿ ಕುಂಟೆಬಿಲ್ಲೆಯ ಮನೆ ಗೀಚಿ ಆಡತೊಡಗಿದವು. ಮೂರನೆಯ ದಿನ ನಾನು ಲೈಬ್ರರಿಯ ಬೀರು ತೆಗೆದು ಕಥೆಪುಸ್ತಕಗಳನ್ನು ಜಗುಲಿಯಲ್ಲಿ ಹರಡಿದೆ. ಐದನೆಯ ದಿನಕ್ಕೆ ಬೆಳಿಗ್ಗೆ ಹತ್ತಕ್ಕೇ ಬಂದು ಗೇಟಿನ ಹತ್ತಿರ ಕೂತಿದ್ದವು. ಹೆಣ್ಣುಮಕ್ಕಳ ಕಂಕುಳಲ್ಲಿ ತಮ್ಮಂದಿರು, ತಂಗಿಯರು. ಅವಕ್ಕೂ ಒಂದು ಸೌಟು ಅನ್ನ ಹೋಗುತ್ತಿತ್ತು, ಲೆಕ್ಕಪುಸ್ತಕದಲ್ಲಿ ಬರೆಯಲಾಗದ್ದು.

ಅಡುಗೆ ಮಾಡುತ್ತಿದ್ದವರು ಮಧುಗಿರಿ ಕಡೆಯ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ. ಪ್ರತಿ ಬೇಸಿಗೆಯಲ್ಲೂ ಹದಿನೈದು ದಿನ ತವರಿಗೆ ಹೋಗುವುದು ವಾಡಿಕೆಯಂತೆ. “ಈ ಸಲ ತಪ್ಪಿತಲ್ಲಮ್ಮ” ಎಂದೆ. “ಇಲ್ಲ ಮೇಡಂ, ನಮ್ಮವ್ವನ್ನೇ ಇಲ್ಲಿಗೆ ಕರ್ಕೊಂಡ್ ಬಂದಿವ್ನಿ” ಎಂದು ಒಳಗೆ ತೋರಿಸಿದರು. ಅಡುಗೆಕೋಣೆಯ ಬಾಗಿಲಲ್ಲಿ ಮುದುಕಿಯೊಬ್ಬರು ಕಾಲು ಚಾಚಿ ಕೂತು, ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.